ಸೀರೆಯ ನಡು, ರೊಟ್ಟಿಯ ಮೂರನೆಯ ದಿನ

ಸೀರೆ ಎಲ್ಲಿ ಹರಿಯುತ್ತದೆ ಎಂದು ಎಂದಾದರೂ ನೋಡಿದ್ದೀರಾ? ಕೆಳಗಿನ ಅಂಚು ಹಿಮ್ಮಡಿಗೆ ತಾಗಿ ತಾಗಿ ಸವೆಯುತ್ತದೆ. ಸೊಂಟಕ್ಕೆ ಸಿಕ್ಕಿಸುವ ಕಡೆ ಬೆವರಿಗೆ ಬಣ್ಣ ಹೋಗುತ್ತದೆ. ಪಿನ್ನು ಚುಚ್ಚುವ ಭುಜದ ಬಳಿ ಸಣ್ಣ ತೂತುಗಳು ಬೀಳುತ್ತವೆ. ಇಷ್ಟಾದರೆ ಸಾಕು, ಸೀರೆ ಹಳೆಯದಾಯಿತು ಎನ್ನುತ್ತೇವೆ. ನೆರಿಗೆಯ ಒಳಮಡಿಕೆಗಳನ್ನು ಬಿಡಿಸಿ ನೋಡಿದರೆ ಅಲ್ಲಿ ಬಟ್ಟೆ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ನಾನು ಧಾರವಾಡಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆಯವರು ಹಳೆಯ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡುವುದನ್ನು ಕಲಿಸಿದರು. ಜರಡಿಯಲ್ಲಿ ಬಂದಂತೆ ಬೆಳಕು ತೂರಿ ಬಂದರೆ ಅಷ್ಟು ಭಾಗದಲ್ಲಿ ಜೀವವಿಲ್ಲ. ಉಳಿದದ್ದೆಲ್ಲ ನಮ್ಮದು. ಕತ್ತರಿ ಹುಡುಕುವುದು ಅದಾದ ಮೇಲೆ.

ಹತ್ತಿ ಸೀರೆಯಾದರೆ ಮೊದಲ ಯೋಚನೆ ಕೌದಿಯದೇ. ಇದಕ್ಕೆ ಕತ್ತರಿಯೂ ಬೇಡ. ಆರು ಗಜದ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ ಹಾಸಿರಿ. ಆರು ಅಡಿ ಉದ್ದ, ನಾಲ್ಕು ಅಡಿಗೆ ಸ್ವಲ್ಪ ಕಡಿಮೆ ಅಗಲದ, ಮೂರು ಪದರದ ಹೊದಿಕೆ ಸಿದ್ಧ. ಮಡಿಸುವಾಗ ಸವೆದ ಭಾಗ ನಡುವಿನ ಪದರಕ್ಕೆ ಹೋಗುವಂತೆ ನೋಡಿಕೊಳ್ಳಬೇಕು, ಜಾಣತನವೆಲ್ಲ ಅಲ್ಲಿಯೇ ಇದೆ. ಇಬ್ಬರು ಹೊದೆಯುವ ಕೌದಿಗೆ ಎರಡು ಸೀರೆ ಬೇಕು. ಮೊದಲಿನವರು ಐದಾರು ಪದರ ಹಾಕುತ್ತಿದ್ದರು, ಒಗೆಯಲು ಕೆರೆಯ ದಂಡೆ ಇತ್ತು, ಹಿಂಡಲು ಇಬ್ಬರು ಹೆಂಗಸರಿದ್ದರು. ಈಗ ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನ ಬಚ್ಚಲಿನಲ್ಲಿ ನೆನೆದ ಐದು ಪದರದ ಕೌದಿಯನ್ನು ಎತ್ತಿ ನೋಡಿ, ಸೊಂಟ ಹಿಡಿಯುತ್ತದೆ. ಮೂರು ಪದರ ಸಾಕು, ಧಾರವಾಡದ ಚಳಿಗೂ ಸಾಕು.

ಮಡಿಕೆ ಸರಿಯಾದ ಮೇಲೆ ನಾಲ್ಕು ಮೂಲೆಗೆ ಏನಾದರೂ ಭಾರ ಇಟ್ಟು, ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಇಲ್ಲದಿದ್ದರೆ ಪದರಗಳು ಜಾರಿ, ಅರ್ಧ ಹೊಲಿದ ಮೇಲೆ ನಡುವೆ ಗುಳ್ಳೆಯೆದ್ದು ನಿಲ್ಲುತ್ತದೆ. ಆಮೇಲೆ ಅಂಚಿನಿಂದ ಒಳಗೆ, ಬೆರಳಗಲ ಬಿಟ್ಟು ಸಾಲು ಸಾಲಾಗಿ ಹೊಲಿಯುತ್ತ ಬನ್ನಿ. ದಪ್ಪ ಹತ್ತಿಯ ನೂಲು ಎರಡೆಳೆ ಇರಲಿ, ಒಂದು ಸಲಕ್ಕೆ ಒಂದು ಮೊಳಕ್ಕಿಂತ ಹೆಚ್ಚು ನೂಲು ಪೋಣಿಸಬೇಡಿ. ಸೂಜಿ ಪೋಣಿಸುವ ಬೇಸರಕ್ಕೆ ಉದ್ದ ನೂಲು ತೆಗೆದುಕೊಂಡವರು ಗಂಟು ಬಿಡಿಸುತ್ತ ಕುಳಿತಿರುವುದನ್ನು ಬಹಳ ನೋಡಿದ್ದೇನೆ. ನೂಲನ್ನು ಬಿಗಿಯಾಗಿ ಎಳೆಯಬಾರದು, ಕೌದಿ ಮುದುಡುತ್ತದೆ. ದಿನಕ್ಕೆ ನಾಲ್ಕು ಸಾಲು ಹೊಲಿದರೂ ಮುಗಿಯುತ್ತದೆ, ಯಾರೂ ಬೆನ್ನಟ್ಟಿಲ್ಲ.

ಇಳಕಲ್ ಸೀರೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಅದರ ಕೆಂಪು ಸೆರಗು ಬಣ್ಣ ಬಿಡಬಹುದು. ಮದುವೆಯಾದ ಎರಡನೆಯ ವರ್ಷ ನಾನು ಅಂತಹ ಸೆರಗನ್ನು ಮಾವನವರ ಬಿಳಿ ಧೋತರಗಳ ಮೇಲೆ ಹಚ್ಚಿ ಕೌದಿ ಹೊಲಿದಿದ್ದೆ. ಮೊದಲ ಒಗೆತಕ್ಕೇ ಧೋತರವೆಲ್ಲ ಗುಲಾಬಿಯಾಯಿತು. ನಾದಿನಿಯರು ವರ್ಷಗಟ್ಟಲೆ ನೆನೆಸಿಕೊಂಡು ನಕ್ಕರು. ಈಗ ಒದ್ದೆ ಮಾಡಿದ ಬಿಳಿ ಚಿಂದಿಯಿಂದ ಸೆರಗನ್ನು ಒತ್ತಿ ಉಜ್ಜಿ ನೋಡುತ್ತೇನೆ. ಚಿಂದಿಗೆ ಬಣ್ಣ ಹತ್ತಿದರೆ, ನೀರು ತಿಳಿಯಾಗುವ ತನಕ ಬೇರೆಯಾಗಿ ಒಗೆದು ಒಣಗಿಸಿಯೇ ಹೊಲಿಗೆಗೆ ತರುತ್ತೇನೆ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವವರಿದ್ದಾರೆ, ನನಗಂತೂ ನಿಂತಿಲ್ಲ.

ಮಾವನವರು ಉಡುತ್ತಿದ್ದದ್ದು ಗರಗದ ಖಾದಿ. ರಾಷ್ಟ್ರಧ್ವಜಕ್ಕೆ ಬಟ್ಟೆ ನೇಯುವ ಊರದು. ಖಾದಿ ಒಗೆದಷ್ಟೂ ಮೆತ್ತಗಾಗುತ್ತದೆ, ಹಾಗಾಗಿ ಸವೆದ ಧೋತರಕ್ಕೆ ನಮ್ಮ ಮನೆಯಲ್ಲಿ ಹೊಸದಕ್ಕಿಂತ ಹೆಚ್ಚು ಬೇಡಿಕೆ. ಕೂಸಿಗೆ ಹಾಸಲು, ಮೊಸರು ಕಟ್ಟಲು, ರೊಟ್ಟಿ ಸುತ್ತಿಡಲು ಅದೇ ಬೇಕು. ಕೂಸಿನ ತಲೆಗೆ ಹಾಕುವ ಕುಲಾವಿ, ಕುಂಚಗಿಯ ಮೇಲುಬಟ್ಟೆಗೆ ಹಳೆಯ ಖಣದ ಕುಪ್ಪಸದ ಬೆನ್ನಿನ ಭಾಗ ಬಳಸಬಹುದು, ಒಳಗೆ ಮಾತ್ರ ಧೋತರದ ಅಸ್ತರ ಇರಲಿ.

ಗಂಡಸರ ಅಂಗಿಯ ಆಯುಷ್ಯ ಕಾಲರಿನಲ್ಲಿದೆ. ಮಡಿಕೆಯ ಗೆರೆ ಹಿಂಜಿದೊಡನೆ ಅಂಗಿ ಮೂಲೆ ಸೇರುತ್ತದೆ. ಕಾಲರನ್ನು ಅದರ ಪಟ್ಟಿಯಿಂದ ಬಿಚ್ಚಿ, ಮಗುಚಿ, ಅದೇ ಜಾಗದಲ್ಲಿ ಹೊಲಿಸಿರಿ. ಹಿಂಜಿದ ಕಡೆ ಅಡಿಗೆ ಹೋಗುತ್ತದೆ. ಅರ್ಧ ಗಂಟೆಯ ಕೆಲಸ, ಅಂಗಿಗೆ ಇನ್ನೆರಡು ವರ್ಷ. ಪ್ಯಾಂಟು ತೊಡೆಯ ಸಂದಿನಲ್ಲಿ ಸವೆಯುತ್ತದೆ, ಕೆಳಗಿನ ಕಾಲು ಗಟ್ಟಿಯಾಗಿರುತ್ತದೆ. ಎರಡು ಕಾಲುಗಳನ್ನು ಬಿಚ್ಚಿ ಜೋಡಿಸಿದರೆ ಸಂತೆಯ ಚೀಲ. ಗುಂಡಿಗಳನ್ನು ಬಿಚ್ಚಿ ಡಬ್ಬಿಗೆ ಹಾಕುವುದನ್ನು ಮರೆಯಬೇಡಿ.

ಇನ್ನು ನೈಲಾನ್, ಪಾಲಿಯೆಸ್ಟರ್ ಸೀರೆ. ಉಳಿತಾಯವೆಂದು ಇದರಿಂದ ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ ಮಾಡಬೇಡಿ. ಕರಗಿ ಬೋಗುಣಿಗೂ ಬೆರಳಿಗೂ ಅಂಟುತ್ತದೆ, ನನ್ನ ಎಡಗೈಯಲ್ಲಿ ಗುರುತಿದೆ. ನೆಲ ಒರೆಸಲೂ ಬಾರದು, ನೀರು ಹೀರುವುದಿಲ್ಲ. ಕಿಟಕಿಯ ಪರದೆಗೆ, ಹಾಸಿಗೆಯ ಗಂಟು ಕಟ್ಟಲು, ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಲು ಬಳಸಿ. ಜರಿಯ ಸೀರೆಯನ್ನಂತೂ ಪಾತ್ರೆ ಮಾರುವವರು ಬಾಗಿಲಿಗೆ ಬಂದಾಗ ಆತುರದಲ್ಲಿ ಕೊಡಬೇಡಿ. ನಮ್ಮ ಓಣಿಯಲ್ಲೊಬ್ಬರು ತಾಯಿಯ ಧಾರೆ ಸೀರೆ ಕೊಟ್ಟು ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡರು. ಡಬ್ಬಿಯ ಮುಚ್ಚಳ ಇಂದಿಗೂ ಸರಿಯಾಗಿ ಕೂರುವುದಿಲ್ಲ.

ಬಟ್ಟೆಗೆ ಇರುವಂತೆ ರೊಟ್ಟಿಗೂ ವಯಸ್ಸುಗಳಿವೆ. ಹಂಚಿನಿಂದ ಇಳಿದ ಗಳಿಗೆಯಲ್ಲಿ ಮಾಡಬಹುದಾದದ್ದು ಮುಟಗಿ: ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪಿನೊಡನೆ ಒರಳಿನಲ್ಲಿ ಕುಟ್ಟಿ, ಎಣ್ಣೆ ಹಾಕಿ, ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡುವುದು. ಪಲ್ಲೆ ಇಲ್ಲದ ದಿನ ಇದೊಂದೇ ಊಟ, ಕೊರತೆ ಎನಿಸುವುದಿಲ್ಲ. ಮರುದಿನ ಮುರಿದು ಮಜ್ಜಿಗೆಯಲ್ಲಿ ನೆನೆಸಿ, ಹಸಿ ಈರುಳ್ಳಿ ಕಚ್ಚಿಕೊಂಡು ತಿನ್ನಬಹುದು. ಮೂರನೆಯ ದಿನಕ್ಕೆ ಒಣಗಿ ಖಡಕ್ಕಾದದ್ದನ್ನು ಚೂರು ಮಾಡಿ, ನೀರು ಚಿಮುಕಿಸಿ ಐದು ನಿಮಿಷ ಮುಚ್ಚಿಟ್ಟು, ಸಾಸಿವೆ, ಕರಿಬೇವು, ಈರುಳ್ಳಿಯ ಒಗ್ಗರಣೆಗೆ ಹಾಕಿ ಮೇಲೆ ಶೇಂಗಾ ಪುಡಿ ಉದುರಿಸಿರಿ. ನೀರು ಚಿಮುಕಿಸಬೇಕು, ಸುರಿಯಬಾರದು. ನಮ್ಮ ಮನೆಯ ಮಕ್ಕಳು ಇದಕ್ಕಾಗಿಯೇ ರೊಟ್ಟಿ ಉಳಿಯಲಿ ಎಂದು ಕಾಯುತ್ತಾರೆ.

ಹೊಸದಾಗಿ ಸಂಸಾರ ಹೂಡಿದವರು ಜೋಳದ ಹಿಟ್ಟನ್ನು ತಿಂಗಳಿಗಾಗುವಷ್ಟು ಬೀಸಿಸಿ ಇಟ್ಟುಕೊಳ್ಳುತ್ತಾರೆ, ಗಿರಣಿಗೆ ಒಂದು ಸಲ ಹೋಗುವುದು ಉಳಿಯಿತೆಂದು. ಹಿಟ್ಟು ಹಳತಾದಂತೆ ಜಿಗಿ ಹೋಗಿ, ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಹದಿನೈದು ದಿನಕ್ಕಾಗುವಷ್ಟು ಬೀಸಿಸಿ. ಜಿಗಿ ಹೋದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿದರೆ ಅಷ್ಟಿಷ್ಟು ಕೂಡಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಕಡಲೆಹಿಟ್ಟು, ಈರುಳ್ಳಿ, ಕೊತ್ತಂಬರಿ ಕಲಸಿ ತಾಲಿಪಟ್ಟು ತಟ್ಟಿರಿ, ಇಲ್ಲವೇ ಅಂಬಲಿ ಕಾಯಿಸಿರಿ. ಕಹಿ ವಾಸನೆ ಬಂದದ್ದನ್ನು ಮಾತ್ರ ದನಕ್ಕೂ ಹಾಕಬೇಡಿ.

ತರಕಾರಿ ತುಟ್ಟಿಯಾದಾಗ ಝುಣಕ. ಒಂದು ಬಟ್ಟಲು ಕಡಲೆಹಿಟ್ಟನ್ನು ಎರಡು ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಈರುಳ್ಳಿ, ಬೆಳ್ಳುಳ್ಳಿಯ ಒಗ್ಗರಣೆಗೆ ಸುರಿದು ಕೈಬಿಡದೆ ತಿರುವಿದರೆ ನಾಲ್ವರ ಊಟಕ್ಕೆ ಆಗುತ್ತದೆ. ಖಾರಕ್ಕೆ ಬರೀ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಹಾಕುವವರು ಬಣ್ಣ ನೋಡಿ ಮೋಸಹೋಗುತ್ತಾರೆ. ಅದರಲ್ಲಿ ಕೆಂಪು ಹೆಚ್ಚು, ಖಾರ ಕಡಿಮೆ. ಖಾರ ಸಾಲದೆ ಮತ್ತೆ ಮತ್ತೆ ಹಾಕಿ ಡಬ್ಬಿ ಬರಿದಾಗುತ್ತದೆ. ಕುಟ್ಟಿಸುವಾಗಲೇ ಖಾರದ ಜಾತಿಯ ಒಂದಿಷ್ಟು ಕಾಯಿ ಬೆರೆಸಿದರೆ ವರ್ಷದ ಪುಡಿ ವರ್ಷಕ್ಕೇ ಬರುತ್ತದೆ.

ಖಡಕ್ ರೊಟ್ಟಿ ಇಡಲು ಹಳೆಯ ಧೋತರ ಹಾಸಿದ ಬಿದಿರಿನ ಬುಟ್ಟಿಯೇ ಸರಿ. ಆರುವ ಮೊದಲೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿದರೆ ಬೆವರಿ ಮೆತ್ತಗಾಗುತ್ತವೆ. ಆ ಬಟ್ಟೆಯನ್ನು ಒಗೆಯುವಾಗ ಮಾತ್ರ ಈಗ ಅಂಗಡಿಯಲ್ಲಿ ಸಿಗುವ ಸುವಾಸನೆಯ ದ್ರವ ಹಾಕಬೇಡಿ. ಕಳೆದ ದೀಪಾವಳಿಯಲ್ಲಿ ಸೊಸೆ ಪ್ರೀತಿಯಿಂದ ಹಾಕಿದಳು, ನಾವು ವಾರವಿಡೀ ಮಲ್ಲಿಗೆಯ ವಾಸನೆಯ ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡು ತಿಂದೆವು.