ಬೋರ್‌ವೆಲ್ ನೀರಲ್ಲಿ ಫ್ಲೋರೈಡ್: ಪರೀಕ್ಷೆ, ಪರಿಹಾರ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಬೋರ್ ಆಳಕ್ಕಿಳಿದಷ್ಟೂ ಫ್ಲೋರೈಡ್ ಏರುವ ಸಂಭವ ಹೆಚ್ಚು. ಕಲ್ಲಿನೊಳಗಿನ ಖನಿಜದಿಂದ ಕರಗಿ ನೀರಿಗೆ ಸೇರುವ ಇದು ಮಿತಿ ಮೀರಿದರೆ ಹಲ್ಲು, ಕೀಲಿಗೆ ತೊಂದರೆ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಗೊತ್ತಾಗುವುದಿಲ್ಲ.

ಮೊದಲು ಪರೀಕ್ಷೆ. ಪಂಪ್ ಹತ್ತು ನಿಮಿಷ ಓಡಲಿ. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ಒಂದು ಲೀಟರ್ ಹಿಡಿಯಿರಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ. ಮಾದರಿಯನ್ನು ಜಿಲ್ಲಾ ಅಥವಾ ತಾಲ್ಲೂಕು ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ನೀರಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ನಂಬಿ ಕೂರಬೇಡಿ, ಅದು ಫ್ಲೋರೈಡನ್ನು ಬೇರೆಯಾಗಿ ಅಳೆಯುವುದೇ ಇಲ್ಲ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ಮೂಲವಿಲ್ಲದಿದ್ದರೆ ಮಾತ್ರ 1.5ರವರೆಗೆ.

ಮಿತಿ ಮೀರಿದರೆ ಕುದಿಸಿ ಪ್ರಯೋಜನವಿಲ್ಲ. ನೀರು ಆವಿಯಾಗಿ ಉಳಿದ ನೀರಲ್ಲಿ ಫ್ಲೋರೈಡ್ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಕೂಡ ಇದಕ್ಕಲ್ಲ. ಆರ್‌ಒ ತೆಗೆಯುತ್ತದೆ, ಆದರೆ ಮೆಂಬ್ರೇನ್ (ಒಳಗಿನ ಸೋಸುವ ಪೊರೆ) ಹಳತಾದರೆ ಫ್ಲೋರೈಡ್ ನುಸುಳಲು ಶುರು. ಫ್ಲೋರೈಡ್ ಹೀರುವ ಹರಳುಗಳಿರುವ ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರಿನದೂ ಅದೇ ಕಥೆ: ಹರಳು ಇನ್ನು ಹೀರಲಾರದಂತಾದ ಮೇಲೂ ನೀರು ತಿಳಿಯಾಗಿಯೇ ಬರುತ್ತದೆ. ಹಾಗಾಗಿ ಫಿಲ್ಟರಿನಿಂದ ಬರುವ ನೀರನ್ನೂ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ.

ನಮ್ಮ ಲೆಕ್ಕದಲ್ಲಿ ಮಳೆನೀರೇ ಮೇಲು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್. ನಾಲ್ಕು ತಿಂಗಳಿಗೆ 3,000 ಲೀಟರಿನ ಮುಚ್ಚಿದ ತೊಟ್ಟಿ ಸಾಕು. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ. ರೋಗಾಣು ಭಯಕ್ಕೆ ತೊಟ್ಟಿಯ ಮಳೆನೀರನ್ನು ಕುದಿಸಬಹುದು.

ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ತಡಮಾಡಬೇಡಿ. ಹಲ್ಲು ರೂಪುಗೊಳ್ಳುವ ಈ ವಯಸ್ಸಲ್ಲಿ ಹೆಚ್ಚು ಫ್ಲೋರೈಡ್ ಸೇರಿದರೆ ಹಲ್ಲಿನ ಮೇಲೆ ಮೂಡುವ ಹಳದಿ-ಕಂದು ಕಲೆ ತಾನಾಗಿ ಹೋಗುವುದಿಲ್ಲ. ದೊಡ್ಡವರಲ್ಲಿ ವರ್ಷಗಟ್ಟಲೆ ಕುಡಿದ ಮೇಲೆ ಕೀಲು ಬಿಗಿತ, ಬೆನ್ನು ಬಾಗದಿರುವುದು ಕಾಣಿಸುತ್ತದೆ.