ಆಫೀಸ್ ಕೆಲಸಕ್ಕೆ ಸ್ಟುಟ್‌ಗಾರ್ಟ್: ನಡುವೆ ಸಿಗುವ ಶನಿವಾರ, ಭಾನುವಾರ ಹೇಗೆ ಕಳೆಯುವುದು?

ಬೆಂಗಳೂರಿನಿಂದ ಆಫೀಸ್ ಕೆಲಸಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿಬರುವವರು ಬಹಳ ಜನ ಇದ್ದಾರೆ. ಕಾರು, ಕಾರಿನ ಬಿಡಿಭಾಗ, ಅದರೊಳಗಿನ ಸಾಫ್ಟ್‌ವೇರ್ ಎಲ್ಲದರಲ್ಲೂ ಆ ಊರಿಗೂ ನಮ್ಮೂರಿಗೂ ನಂಟಿದೆ. ಎರಡು ವಾರದ ಟ್ರಿಪ್ ಆದರೆ ನಡುವೆ ಒಂದು ಶನಿವಾರ, ಒಂದು ಭಾನುವಾರ ನಿಮ್ಮ ಪಾಲಿಗೆ ಬರುತ್ತದೆ.

ಮೊದಲ ಸಲ ಹೋದಾಗ ನಾನು ಆ ಎರಡು ದಿನವನ್ನು ಪ್ಯಾರಿಸ್‌ಗೆ ಇಟ್ಟುಕೊಂಡೆ. ವೇಗದ ರೈಲಿನಲ್ಲೇ ಮೂರು ಗಂಟೆಗೂ ಜಾಸ್ತಿ ದಾರಿ. ಹೋಗಿ ಬರುವುದು, ರೂಮು ಹುಡುಕುವುದು, ಕ್ಯೂನಲ್ಲಿ ನಿಲ್ಲುವುದು, ಇಷ್ಟರಲ್ಲೇ ಎರಡು ದಿನ ಮುಗಿಯಿತು. ಸೋಮವಾರ ಬೆಳಿಗ್ಗೆ ಒಂಬತ್ತರ ಮೀಟಿಂಗ್‌ನಲ್ಲಿ ಕಣ್ಣು ತೆರೆದಿಡಲು ಕಷ್ಟಪಟ್ಟೆ. ಮುಂದಿನ ಸಲ ಹತ್ತಿರದ ಟ್ಯೂಬಿಂಗನ್‌ಗೆ ಹೋದೆ. ಅಲ್ಲಿ ಕಳೆದ ಒಂದೊಂದು ಗಂಟೆಯೂ ಇವತ್ತಿಗೂ ನೆನಪಿದೆ. ಅದಕ್ಕೇ ಹೇಳುವುದು, ದೂರ ಓಡಬೇಡಿ. ಹತ್ತಿರದ ಒಂದೇ ಊರು ಆರಿಸಿಕೊಂಡು ಸಮಾಧಾನವಾಗಿ ನೋಡಿ. ಅದಕ್ಕೂ ಸ್ವಲ್ಪ ತಯಾರಿ ಬೇಕು. ಆ ತಯಾರಿ ಬೆಂಗಳೂರಿನಲ್ಲೇ ಶುರುವಾಗಬೇಕು.

ಹೆಜ್ಜೆ 1: ವಿಮಾನದ ಟಿಕೆಟ್ ಆಗುವ ಮುಂಚೆ ಮಾತಾಡಿ

ಟ್ರಾವೆಲ್ ಡೆಸ್ಕ್‌ನವರು ಟಿಕೆಟ್ ಮಾಡುವ ಮುಂಚೆಯೇ ಮ್ಯಾನೇಜರ್ ಹತ್ತಿರ ಹೇಳಿಬಿಡಿ. ಕೆಲಸ ಒಂದೇ ವಾರದ್ದಾದರೆ ವಾಪಸ್ ಟಿಕೆಟನ್ನು ಶುಕ್ರವಾರ ರಾತ್ರಿಯ ಬದಲು ಭಾನುವಾರಕ್ಕೆ ಮಾಡಿಸಬಹುದು. ಎಷ್ಟೋ ಸಲ ದರದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಆ ಎರಡು ರಾತ್ರಿಯ ಹೋಟೆಲ್ ಬಾಡಿಗೆ ಯಾರದು, ದಿನಭತ್ಯೆ ಇದೆಯಾ ಇಲ್ಲವಾ, ಇದನ್ನು ಮೇಲ್‌ನಲ್ಲೇ ಬರೆದು ಕೇಳಿ. ಬಾಯಿಮಾತಿನಲ್ಲಿ ಆದದ್ದು ಬಿಲ್ ಹಾಕುವಾಗ ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಮುಖ್ಯ ವಿಷಯ ವಿಮೆ. ಷೆಂಗೆನ್ ವೀಸಾಗೆ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಿಗುವ ವೀಸಾಗೆ, ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಇರಲೇಬೇಕು. ಕಂಪನಿ ಮಾಡಿಸಿಕೊಟ್ಟ ವಿಮೆ ರಜಾ ದಿನಕ್ಕೂ, ಪಕ್ಕದ ದೇಶಕ್ಕೂ ಅನ್ವಯಿಸುತ್ತದಾ ಎಂದು ಪಾಲಿಸಿಯಲ್ಲಿ ಓದಿಕೊಳ್ಳಿ. ಕೆಲಸದ ದಿನಗಳಿಗೆ ಮಾತ್ರ ಅಂತಿದ್ದರೆ ನಿಮ್ಮ ಖರ್ಚಿನಲ್ಲಿ ಎರಡು ದಿನದ್ದು ಬೇರೆ ಮಾಡಿಸಿ. ದುಡ್ಡು ಹೆಚ್ಚೇನೂ ಆಗುವುದಿಲ್ಲ. ಆಫೀಸ್ ಲ್ಯಾಪ್‌ಟಾಪ್ ಮಾತ್ರ ತಿರುಗಾಟಕ್ಕೆ ಒಯ್ಯಬೇಡಿ. ಹೋಟೆಲ್ ಲಾಕರ್‌ನಲ್ಲಿಟ್ಟು ಹೊರಡಿ.

ಹೆಜ್ಜೆ 2: ವೀಸಾ ಸ್ಟಿಕ್ಕರ್ ಓದಿ

ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಮೂರು ಸಾಲು ನೋಡಿ: ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಒಟ್ಟು ಎಷ್ಟು ದಿನ ಇರಬಹುದು, ಎಷ್ಟು ಸಲ ಒಳಗೆ ಬರಬಹುದು. ಫ್ರಾನ್ಸ್, ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾ ಎಲ್ಲ ಷೆಂಗೆನ್ ಒಳಗೇ ಬರುವುದರಿಂದ ಅಲ್ಲಿಗೆ ಬೇರೆ ವೀಸಾ ಬೇಡ. ಲಂಡನ್ ಹಾಗಲ್ಲ. ಒಂದೇ ಪ್ರವೇಶದ ವೀಸಾ ಇಟ್ಟುಕೊಂಡು ಲಂಡನ್‌ಗೆ ಹೋದರೆ ಮತ್ತೆ ಜರ್ಮನಿಯೊಳಗೆ ಬರಲು ಆಗುವುದಿಲ್ಲ.

ಗಡಿಯಲ್ಲಿ ಯಾರೂ ಕೇಳುವುದಿಲ್ಲ ಎಂಬ ಮಾತು ಹಳೆಯದು. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಗಡಿ ದಾಟುವ ದಿನ ಪಾಸ್‌ಪೋರ್ಟ್ ಜೇಬಿನಲ್ಲೇ ಇರಲಿ, ಫೋಟೊ ಸಾಲದು.

ಹೆಜ್ಜೆ 3: ಊರು ಆರಿಸುವುದು

ಗಂಟೆ ಲೆಕ್ಕ ಹಾಕಿ. ಶುಕ್ರವಾರ ಸಂಜೆ ಸುಸ್ತು ಇರುತ್ತದೆ. ಭಾನುವಾರ ಸಂಜೆ ಅಂಗಿಗೆ ಇಸ್ತ್ರಿ ಆಗಬೇಕು, ಬೇಗ ಮಲಗಬೇಕು. ಉಳಿಯುವುದು ಒಂದೂವರೆ ದಿನ. ನನ್ನ ಲೆಕ್ಕದಲ್ಲಿ ಒಂದು ಕಡೆಯ ಪ್ರಯಾಣ ಒಂದೂವರೆ ಗಂಟೆ ದಾಟಬಾರದು.

ಅಷ್ಟರೊಳಗೆ ಏನೇನಿದೆ ನೋಡಿ. ಉಲ್ಮ್ ಊರಿನ ಚರ್ಚಿನ ಗೋಪುರ 161.5 ಮೀಟರ್ ಎತ್ತರ, ಹತ್ತಲು 768 ಮೆಟ್ಟಿಲು. 1377ರಲ್ಲಿ ಶುರುವಾದ ಕಟ್ಟಡ ಮುಗಿದದ್ದು 1890ರಲ್ಲಿ. ಮಂಡಿ ಗಟ್ಟಿ ಇದ್ದವರಿಗೆ ಒಳ್ಳೆಯ ಊರು. ಹೈಡೆಲ್‌ಬರ್ಗ್‌ನ ಪಾಳು ಕೋಟೆ ಎಲ್ಲರಿಗೂ ಗೊತ್ತಿರುವುದೇ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ವೇಗದ ರೈಲು ಹಿಡಿದರೆ ಒಂದೂವರೆ ಗಂಟೆಯೊಳಗೇ ಆಗುತ್ತದೆ. ಮಳೆ ಹಿಡಿದುಕೊಂಡರೆ ಊರಿನಲ್ಲೇ ಇದ್ದು ಮರ್ಸಿಡಿಸ್ ಬೆಂಜ್ ಮ್ಯೂಸಿಯಂ ನೋಡಬಹುದು. ಕಾರಿನ ಹುಚ್ಚು ಇದ್ದವರಿಗೆ ಅರ್ಧ ದಿನ ಸಾಲದು.

ಆದರೆ ಕನ್ನಡದವರಿಗೆ ನಾನು ಮೊದಲು ಹೇಳುವುದು ಟ್ಯೂಬಿಂಗನ್. ನಮ್ಮ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದ ಊರು ಅದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿಗೆ ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರು ಅಲ್ಲೇ ತೀರಿಕೊಂಡರು. ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆಯ ಮುಂದೆ ದಿನಾ ಓಡಾಡುವ ನಮಗೆ ಆ ಊರು ಆಫೀಸಿನಿಂದ ಇಷ್ಟು ಹತ್ತಿರ ಇದೆ ಅಂತ ಗೊತ್ತೇ ಇರುವುದಿಲ್ಲ.

ಸ್ಟುಟ್‌ಗಾರ್ಟ್ ಪಕ್ಕದಲ್ಲೇ ಎಸ್ಲಿಂಗನ್ ಇದೆ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ತೀರಿಕೊಂಡದ್ದು ಅಲ್ಲಿ, 1881ರಲ್ಲಿ. ಲೋಕಲ್ ರೈಲಿನಲ್ಲಿ ಸುಮಾರು ಕಾಲು ಗಂಟೆ. ಶನಿವಾರ ಟ್ಯೂಬಿಂಗನ್, ಭಾನುವಾರ ಬೆಳಿಗ್ಗೆ ಎಸ್ಲಿಂಗನ್. ಇಷ್ಟಾದರೆ ವೀಕೆಂಡ್ ತುಂಬಿತು.

ಬುಧವಾರದ ಊಟದ ಹೊತ್ತಿಗೆ ಅಲ್ಲಿನ ಸಹೋದ್ಯೋಗಿಗಳನ್ನೂ ಒಂದು ಮಾತು ಕೇಳಿ. ‘ನಾನು ಎಲ್ಲಿಗೆ ಹೋಗಲಿ’ ಅಂತ ಕೇಳಿದರೆ ಎಲ್ಲರೂ ಹೇಳುವ ಊರನ್ನೇ ಹೇಳುತ್ತಾರೆ. ‘ಮನೆಯವರ ಜೊತೆ ನೀವು ಎಲ್ಲಿಗೆ ಹೋಗ್ತೀರಿ’ ಅಂತ ಕೇಳಿ. ಆಗ ಕಾಗದ ತೆಗೆದು ದಾರಿ ಬರೆದುಕೊಡುತ್ತಾರೆ.

ಹೆಜ್ಜೆ 4: ರೈಲಿನ ಟಿಕೆಟ್

ಇಲ್ಲಿ ಸುಮ್ನೆ ದುಡ್ಡು ಕಳೆಯುವವರೇ ಜಾಸ್ತಿ. ಸ್ಟುಟ್‌ಗಾರ್ಟ್ ಇರುವುದು ಬಾಡನ್ ವುರ್ಟೆಂಬರ್ಗ್ ರಾಜ್ಯದಲ್ಲಿ. ಆ ರಾಜ್ಯದ ಹೆಸರಿನಲ್ಲೇ ಒಂದು ದಿನದ ಟಿಕೆಟ್ ಇದೆ. ಒಂದೇ ಟಿಕೆಟ್‌ನಲ್ಲಿ ಐದು ಜನದವರೆಗೆ ಸೇರಿಕೊಳ್ಳಬಹುದು. ಶನಿವಾರ, ಭಾನುವಾರ ಇಡೀ ದಿನ ನಡೆಯುತ್ತದೆ. ವಾರದ ದಿನಗಳಲ್ಲಿ ಮಾತ್ರ ಬೆಳಿಗ್ಗೆ ಒಂಬತ್ತರ ಮೇಲೆ. ಟೀಮಿನವರು ಮೂರು ನಾಲ್ಕು ಜನ ಇದ್ದರೆ ಇದೇ ಸರಿ.

ಒಬ್ಬರೇ ಇದ್ದು ಮೂರು ನಾಲ್ಕು ವಾರ ಉಳಿಯುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್ ಲಾಭ. 2023ರಲ್ಲಿ ತಿಂಗಳಿಗೆ 49 ಯೂರೋ ಇದ್ದದ್ದು 2026ರಿಂದ 63 ಆಗಿದೆ. ದೇಶದ ಎಲ್ಲ ಪ್ರಾದೇಶಿಕ ರೈಲು, ಮೆಟ್ರೊ, ಟ್ರಾಮು, ಸಿಟಿ ಬಸ್ಸಿನಲ್ಲಿ ಓಡಾಡಬಹುದು, ದಿನಾ ಆಫೀಸಿಗೂ ಅದೇ ಆಗುತ್ತದೆ. ಆದರೆ ಇದು ಚಂದಾ ಥರ, ತಿಂಗಳು ತಿಂಗಳು ತಾನೇ ಮುಂದುವರಿಯುತ್ತದೆ. ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ, ನೀವು ಬೆಂಗಳೂರಿಗೆ ಬಂದ ಮೇಲೂ ದುಡ್ಡು ಹೋಗುತ್ತದೆ. ಟಿಕೆಟ್ ತೆಗೆದ ದಿನವೇ ಫೋನಿನಲ್ಲಿ ಜ್ಞಾಪನೆ ಹಾಕಿಡಿ.

ಈ ಎರಡೂ ಟಿಕೆಟ್ ಐಸಿಇ, ಐಸಿ ಎಂಬ ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ಟ್ಯೂಬಿಂಗನ್‌ಗೆ ಪ್ರಾದೇಶಿಕ ರೈಲೇ ಸಾಕು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಶುಕ್ರವಾರ ರಾತ್ರಿ ರೈಲ್ವೆ ಆ್ಯಪ್ ಮತ್ತೊಮ್ಮೆ ನೋಡಿ. ಹಳಿ ಕೆಲಸವನ್ನು ಅವರು ಹೆಚ್ಚಾಗಿ ವೀಕೆಂಡ್‌ನಲ್ಲೇ ಇಟ್ಟುಕೊಳ್ಳುತ್ತಾರೆ. ನಿಲ್ದಾಣದಲ್ಲಿ ಎಸ್‌ಇವಿ ಎಂಬ ಮೂರಕ್ಷರ ಕಂಡರೆ ರೈಲಿನ ಬದಲು ಬಸ್ ಬಿಟ್ಟಿದ್ದಾರೆ ಎಂದರ್ಥ. ಬಾಣದ ಗುರುತು ಹಿಡಿದು ಹೊರಗೆ ಬಸ್ ನಿಲ್ಲುವ ಕಡೆ ಹೋಗಿ, ಅದೇ ಟಿಕೆಟ್ ಆಗುತ್ತದೆ.

ಹೆಜ್ಜೆ 5: ಸಾಮಾನು ಶನಿವಾರವೇ ತನ್ನಿ

ಜರ್ಮನಿಯಲ್ಲಿ ಭಾನುವಾರ ಅಂಗಡಿ ಬಂದ್. ಸೂಪರ್ ಮಾರ್ಕೆಟ್ಟೂ ಇಲ್ಲ, ಬಟ್ಟೆ ಅಂಗಡಿಯೂ ಇಲ್ಲ. ಬೇಕರಿಗಳು ಬೆಳಿಗ್ಗೆ ಕೆಲವು ಗಂಟೆ ತೆರೆದಿರುತ್ತವೆ, ದೊಡ್ಡ ರೈಲು ನಿಲ್ದಾಣದ ಅಂಗಡಿಗಳು ಇರುತ್ತವೆ, ಅಷ್ಟೇ. ಮನೆಗೆ ಚಾಕೊಲೇಟ್, ನಿಮಗೆ ಹಾಲು ಮೊಸರು ಬ್ರೆಡ್ಡು, ಎಲ್ಲ ಶನಿವಾರವೇ ತಂದಿಟ್ಟುಕೊಳ್ಳಿ. ನೀರಿನ ಪ್ಲಾಸ್ಟಿಕ್ ಬಾಟಲಿ ಬಿಸಾಡಬೇಡಿ. ಅದರ ಮೇಲೆ 25 ಸೆಂಟ್ ಠೇವಣಿ ತೆಗೆದುಕೊಂಡಿರುತ್ತಾರೆ, ಸೂಪರ್ ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ವಾಪಸ್ ಸಿಗುತ್ತದೆ.

ಕಾರ್ಡ್ ಯಂತ್ರ ರೂಪಾಯಿಯಲ್ಲಾ ಯೂರೋದಲ್ಲಾ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಕಳೆದುಕೊಳ್ಳುತ್ತೀರಿ. ಐವತ್ತು ಯೂರೋ ನಗದೂ ಇರಲಿ, ಸಣ್ಣ ಅಂಗಡಿ, ದೋಣಿಯವರ ಹತ್ತಿರ ಬೇಕಾಗುತ್ತದೆ.

ಹೆಜ್ಜೆ 6: ಊಟ

ಸಸ್ಯಾಹಾರಿಗಳೇ, ಈ ಭಾಗ ಗಮನಿಸಿ. ಅಲ್ಲಿನವರು ಹೆಮ್ಮೆಯಿಂದ ತರಿಸಿಕೊಡುವ ಮೌಲ್‌ಟಾಷನ್ ನಮ್ಮ ಕರ್ಜಿಕಾಯಿ ಥರ ಒಳಗೆ ಹೂರಣ ಇಟ್ಟ ಹಿಟ್ಟಿನ ತಿಂಡಿ. ಒಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ತರಕಾರಿಯದ್ದೂ ಸಿಗುತ್ತದೆ, ಕೇಳಿ ತರಿಸಿಕೊಳ್ಳಿ. ಕೇಸ್‌ಸ್ಪೆಟ್ಸ್‌ಲ ಎಂದರೆ ಚೀಸ್ ಹಾಕಿದ ಹಿಟ್ಟಿನ ಶ್ಯಾವಿಗೆ, ಮೇಲೆ ಗರಿಗರಿ ಈರುಳ್ಳಿ. ಮಾಂಸ ಇಲ್ಲ, ಆದರೆ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ‘ಓನ ಫ್ಲೈಷ್’ ಅಂದರೆ ಮಾಂಸ ಬೇಡ. ಅದರ ಜೊತೆಗೆ ‘ಓನ ಷ್ಪೆಕ್’ ಅಂತಲೂ ಹೇಳಿ. ಹಂದಿಯ ಸಣ್ಣ ತುಂಡುಗಳನ್ನು ಕೆಲವರು ಮಾಂಸ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಏನೂ ಬೇಡ ಅನ್ನಿಸಿದರೆ ಬೆಣ್ಣೆ ಸವರಿದ ಬ್ರೆಟ್ಸಲ್ (ಗಂಟು ಹಾಕಿದಂತೆ ತಿರುಚಿದ ಬ್ರೆಡ್ಡು) ತಿನ್ನಿ. ಬೆಳಿಗ್ಗೆ ಬಿಸಿ ಇರುವಾಗ ಅದಕ್ಕಿಂತ ರುಚಿಯಾದದ್ದು ಆ ಊರಿನಲ್ಲಿ ನಾನು ತಿಂದಿಲ್ಲ.

ಹೆಜ್ಜೆ 7: ಶನಿವಾರ, ಟ್ಯೂಬಿಂಗನ್‌ನಲ್ಲಿ

ಒಂಬತ್ತರ ಸುಮಾರಿಗೆ ರೈಲು ಹಿಡಿಯಿರಿ. ನಿಲ್ದಾಣದಿಂದ ನೆಕ್ಕರ್ ನದಿಯ ಸೇತುವೆಗೆ ನಡೆದರೆ ಹತ್ತು ನಿಮಿಷ. ಸೇತುವೆ ಮೇಲೆ ನಿಂತು ಎಡಕ್ಕೆ ನೋಡಿ. ನೀರಿನ ಅಂಚಿಗೇ ಹಳದಿ, ಕೆಂಪು, ಹಸಿರು ಬಣ್ಣದ ಹಳೆಯ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಎದುರಿಗೆ ನದಿಯ ನಡುವೆ ಉದ್ದನೆಯ ನಡುಗಡ್ಡೆ, ಅದರ ತುಂಬ ದೊಡ್ಡ ಮರಗಳ ಸಾಲು.

ಬೇಸಿಗೆಯಾದರೆ ದೋಣಿ ಹತ್ತಿ. ಉದ್ದನೆಯ ಚಪ್ಪಟೆ ದೋಣಿ, ಹುಟ್ಟು ಹಾಕುವುದಿಲ್ಲ. ಹಿಂದೆ ನಿಂತ ಹುಡುಗನೋ ಹುಡುಗಿಯೋ ಗಳ ಒಂದನ್ನು ನದಿಯ ತಳಕ್ಕೆ ಊರಿ ದೂಡುತ್ತಾರೆ. ಹೆಚ್ಚಿನವರು ಅಲ್ಲೇ ಓದುವ ವಿದ್ಯಾರ್ಥಿಗಳು. ಗಳ ಮೇಲೆ ಬಂದಾಗ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸುಮಾರು ಒಂದು ಗಂಟೆ ನಡುಗಡ್ಡೆ ಸುತ್ತಿಸಿಕೊಂಡು ಬರುತ್ತಾರೆ.

ಆಮೇಲೆ ಗಲ್ಲಿಗಳ ಮೂಲಕ ಕೋಟೆಗೆ ಹತ್ತಿ. ದಾರಿ ಕಡಿದಾಗಿದೆ, ಕಲ್ಲು ಹಾಸು, ಶೂ ಹಾಕಿಕೊಳ್ಳಿ. ಈ ಕೋಟೆಯ ಹಳೆಯ ಅಡುಗೆಮನೆ ಒಂದು ಕಾಲಕ್ಕೆ ಪ್ರಯೋಗಾಲಯ ಆಗಿತ್ತು. 1869ರಲ್ಲಿ ಫ್ರೀಡ್ರಿಷ್ ಮೀಷರ್ ಎಂಬ ಯುವ ವಿಜ್ಞಾನಿ, ನಾವು ಇವತ್ತು ಡಿಎನ್‌ಎ ಎನ್ನುವ ವಸ್ತುವನ್ನು ಮೊದಲ ಸಲ ಬೇರ್ಪಡಿಸಿದ್ದು ಅಲ್ಲೇ. ಆಸ್ಪತ್ರೆಯಿಂದ ತಂದ ಬ್ಯಾಂಡೇಜಿಗೆ ಅಂಟಿದ್ದ ಕೀವಿನಿಂದ! ಮೇಲಿನ ಮ್ಯೂಸಿಯಂನಲ್ಲಿ ಮ್ಯಾಮತ್ ಎಂಬ, ಈಗ ಅಳಿದುಹೋಗಿರುವ ಆನೆಯ ಜಾತಿಯ ಪ್ರಾಣಿಯ ದಂತದಲ್ಲಿ ಕೆತ್ತಿದ ಪುಟ್ಟ ಕುದುರೆ ಇದೆ. ಬೆರಳುದ್ದ ಅಷ್ಟೇ. ವಯಸ್ಸು ಸುಮಾರು 40,000 ವರ್ಷ ಅಂತ ಲೆಕ್ಕ. ಕಾಲು ಮುರಿದಿವೆ, ಕೊರಳಿನ ಬಾಗು ಮಾತ್ರ ಹಾಗೇ ಉಳಿದಿದೆ. ನಾನು ಆ ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಜರ್ಮನಿಯ ಮ್ಯೂಸಿಯಂಗಳಿಗೆ ಹೆಚ್ಚಾಗಿ ಸೋಮವಾರ ರಜಾ. ಬೇರೆ ರಜಾ ದಿನಗಳನ್ನು ಹೊರಡುವ ಮುಂಚೆ ನೋಡಿಕೊಳ್ಳಿ.

ಮಧ್ಯಾಹ್ನದ ಮೇಲೆ ಏನೂ ಇಟ್ಟುಕೊಳ್ಳಬೇಡಿ. ನಡುಗಡ್ಡೆಯ ಮರಗಳ ಕೆಳಗೆ ಬೆಂಚುಗಳಿವೆ, ಅಲ್ಲಿ ಕೂತುಕೊಳ್ಳಿ. ಕಿಟ್ಟೆಲ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಬೆಂಗಳೂರಿನಲ್ಲೇ ಫೋನಿಗೆ ಇಳಿಸಿಕೊಂಡಿರಿ.

ಹೆಜ್ಜೆ 8: ವಾಪಸ್

ಕೊನೆಯ ರೈಲನ್ನು ನಂಬಬೇಡಿ, ಅದಕ್ಕಿಂತ ಎರಡು ರೈಲು ಮುಂಚಿನದು ಹಿಡಿಯಿರಿ. ಜೂನ್‌ನಲ್ಲಿ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆ, ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಮನೆಗೆ ಫೋನ್ ಮಾಡುವುದಿದ್ದರೆ ಸಮಯ ನೋಡಿ. ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ.

ಭಾನುವಾರ ಮಧ್ಯಾಹ್ನದೊಳಗೆ ಎಸ್ಲಿಂಗನ್ ಮುಗಿಸಿ ಹೋಟೆಲ್ ಸೇರಿ. ಸ್ನಾನ, ಇಸ್ತ್ರಿ, ಸೋಮವಾರದ ಸ್ಲೈಡುಗಳ ಮೇಲೆ ಒಂದು ಕಣ್ಣು, ಹತ್ತಕ್ಕೆ ನಿದ್ದೆ.

ಆ ಸಲ ಸೋಮವಾರ ಕಾಫಿ ಹೊತ್ತಿಗೆ ಅಲ್ಲಿನ ಸಹೋದ್ಯೋಗಿಯೊಬ್ಬರು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಟ್ಯೂಬಿಂಗನ್‌ನಲ್ಲೇ ಓದಿದವರು ಅವರು, ಕಿಟ್ಟೆಲ್ ಹೆಸರು ಮಾತ್ರ ಕೇಳಿರಲಿಲ್ಲ. ಫೋನಿನಲ್ಲಿ ನಿಘಂಟು ತೆರೆದು ತೋರಿಸಿದೆ. ಪುಟ ಹಿಗ್ಗಿಸಿ ನೋಡಿದರು. ‘ನೆಕ್ಕರ್ ಥರದ ನದಿಗೆ ನೀವು ಏನಂತೀರಿ?’ ಎಂದರು. ‘ಹೊಳೆ’ ಎಂದೆ. ಎರಡು ಸಲ ಹೇಳಿ ನೋಡಿದರು, ‘ಳ’ ಬರಲಿಲ್ಲ. ಕಾಫಿ ಲೋಟ ಕೆಳಗಿಟ್ಟು, ನನ್ನ ನಾಲಿಗೆ ಹೇಗೆ ಮಡಚುತ್ತದೆ ಎಂದು ನೋಡಿ, ಮೂರನೇ ಸಲ ಹೇಳಿದರು.