ಅಮೆರಿಕದ ಶಾಲೆಯ ಊಟ: ಆಲೂಗಡ್ಡೆ ಯಾವ ಊರಿಂದು?

ಅರಕಲಗೂಡಿನಿಂದ ನಮ್ಮ ಸೋದರತ್ತೆ ಫೋನಿನಲ್ಲಿ ಕೇಳಿದರು: "ಅಲ್ಲೂ ಇಸ್ಕೂಲಲ್ಲೇ ಊಟ ಹಾಕ್ತಾರಂತಲ್ಲ, ಆಲೂಗಡ್ಡೆ ಯಾವೂರಿಂದು ಮಗಾ?" ಆಲೂಗಡ್ಡೆ ಬೆಳೆಯುವ ಸೀಮೆಯವರು ಇನ್ನೇನು ಕೇಳ್ತಾರೆ!

ನಾನು ಈ ಪ್ರಶ್ನೆಯನ್ನು ಪ್ರಿನ್ಸಿಪಾಲರ ಹತ್ತಿರ ಒಯ್ದು ಒಂದು ವರ್ಷ ಸುಮ್ನೆ ಕಳೆದೆ. ಹಾಸನದ ಶಾಲೆಯಲ್ಲಿ ಬಿಸಿಯೂಟದ ಮಾತನ್ನು ಹೆಡ್‌ಮಾಸ್ಟರಿಗೋ ಎಸ್‌ಡಿಎಂಸಿಗೋ ಹೇಳಿದರೆ ಆಯಿತು. ಇಲ್ಲಿ ಅಮೆರಿಕದಲ್ಲಿ ಹಾಗಲ್ಲ. ಹಲವು ಶಾಲೆ ಸೇರಿ ಒಂದು 'ಸ್ಕೂಲ್ ಡಿಸ್ಟ್ರಿಕ್ಟ್'. ಏನು ಬೇಯಿಸಬೇಕು, ಯಾರಿಂದ ಕೊಳ್ಳಬೇಕು ಎಂದು ಸಾಮಾನ್ಯವಾಗಿ ಅದರ ಊಟದ ವಿಭಾಗವೇ ತೀರ್ಮಾನಿಸುತ್ತದೆ. ಇಲ್ಲಿ ಮಕ್ಕಳನ್ನು ಓದಿಸುತ್ತಿರುವ ನೀವೂ ಕೇಳಬೇಕೆಂದರೆ ಇಮೇಲ್ ಅಲ್ಲಿಗೇ ಬರೆಯಿರಿ.

ಶಾಲೆಯೂಟದ ಕೇಂದ್ರ ಕಾನೂನು 1946ರದ್ದು. 2010ರ ಕಾನೂನು ರೈತರನ್ನೂ ಶಾಲೆಯನ್ನೂ ಜೋಡಿಸುವ 'ಫಾರ್ಮ್ ಟು ಸ್ಕೂಲ್' ಕೆಲಸಕ್ಕೆ ವರ್ಷಕ್ಕೆ 50 ಲಕ್ಷ ಡಾಲರ್ ಇಟ್ಟಿತು. ಇಡೀ ದೇಶಕ್ಕೆ ಅಷ್ಟೇ! 'ಲೋಕಲ್' ಎಂದರೆ ಎಷ್ಟು ದೂರ ಎಂದು ಕಾನೂನು ಹೇಳುವುದಿಲ್ಲ, ಅದು ಆಯಾ ಡಿಸ್ಟ್ರಿಕ್ಟಿಗೆ ಬಿಟ್ಟದ್ದು. ಒಬ್ಬರಿಗೆ ಪಕ್ಕದ ಹೊಲ, ಇನ್ನೊಬ್ಬರಿಗೆ ಇಡೀ ರಾಜ್ಯ. ಮೊದಲು ಸ್ಥಳೀಯ ಬೆಳೆಗೆ ಆದ್ಯತೆ ಮಾತ್ರ ಕೊಡಬಹುದಿತ್ತು. 2024ರ ಜುಲೈಯಿಂದ ಟೆಂಡರಿನಲ್ಲೇ 'ಇಲ್ಲೇ ಬೆಳೆದದ್ದು ಬೇಕು' ಎಂದು ಬರೆಯಬಹುದು. ಆದರೆ ಸ್ಥಳೀಯ ಆಹಾರ ಕೊಳ್ಳಲು ಶಾಲೆಗಳಿಗೆಂದು ಇಟ್ಟಿದ್ದ ಬೇರೆ ಹಣವನ್ನು ಕೇಂದ್ರ ಸರ್ಕಾರ 2025ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಹಾಗಾಗಿ ನಿಮ್ಮ ಡಿಸ್ಟ್ರಿಕ್ಟ್ ಏನು ಮಾಡುತ್ತಿದೆ ಎಂದು ನೀವೇ ವಿಚಾರಿಸಬೇಕು.

ಸಸ್ಯಾಹಾರಿಗಳೇ, ಶಾಲೆಯೂಟದ ನಿಯಮದಲ್ಲಿ ಮಾಂಸದ ಬದಲು ಬೀನ್ಸ್, ಚೀಸ್, ಮೊಸರು ಲೆಕ್ಕಕ್ಕೆ ಬರುತ್ತವೆ. ಆದರೆ 'ನಾವು ಮಾಂಸ ತಿನ್ನಲ್ಲ' ಎಂದ ಮಾತ್ರಕ್ಕೆ ಬೇರೆ ಅಡುಗೆ ಮಾಡಬೇಕೆಂಬ ಕೇಂದ್ರದ ಕಡ್ಡಾಯವಿಲ್ಲ. ಜೋರು ಅಲರ್ಜಿಯಂಥ ಆರೋಗ್ಯದ ತೊಂದರೆ ಇದ್ದು ವೈದ್ಯಕೀಯ ಚೀಟಿ ಕೊಟ್ಟರೆ ಮಾತ್ರ ಬದಲಾಯಿಸಲೇಬೇಕು.

ನಿಮಗೊಂದು ಬಾಗಿಲು ಕಾನೂನಿನಲ್ಲೇ ಇದೆ. ಈ ಊಟದ ಯೋಜನೆಗೆ ಸೇರಿದ ಡಿಸ್ಟ್ರಿಕ್ಟಿಗೆ 'ವೆಲ್‌ನೆಸ್ ಪಾಲಿಸಿ' (ಮಕ್ಕಳ ಊಟ, ಆರೋಗ್ಯದ ಬಗ್ಗೆ ಬರೆದಿಟ್ಟ ನೀತಿ) ಇರಬೇಕು, ಅದನ್ನು ರೂಪಿಸಲು ಪೋಷಕರಿಗೂ ಅವಕಾಶ ಕೊಡಬೇಕು. ಆ ಸಭೆಗೆ ಹೋಗಿ, ನಾಲ್ಕು ಮಾತಾಡಿ. ಅಕ್ಟೋಬರ್ ಫಾರ್ಮ್ ಟು ಸ್ಕೂಲ್ ತಿಂಗಳು. ಎಷ್ಟೋ ಶಾಲೆಗಳಲ್ಲಿ ಆಗ ರೈತರು ಬರುತ್ತಾರೆ, ಮಕ್ಕಳು ತರಕಾರಿ ರುಚಿ ನೋಡುತ್ತಾರೆ.

ಇನ್ನು ಶಾಲೆಯ ಕೈತೋಟ. ನಮ್ಮ ಕಡೆ ಮಳೆ ಹಿಡಿಯುವ ಹೊತ್ತಿಗೆ ಶಾಲೆ ಶುರು. ಇಲ್ಲಿ ಟೊಮೆಟೊ ಹಣ್ಣಾಗುವ ಜುಲೈನಲ್ಲಿ ಶಾಲೆಗೆ ಬೀಗ! ರಜೆಯಲ್ಲಿ ನೀರು ಹಾಕುವವರೇ ಸಿಗುವುದಿಲ್ಲ. ಒಂದು ವಾರದ ಪಾಳಿ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಕಿತ್ತದ್ದನ್ನು ಆ ವಾರ ಹೆಚ್ಚಾಗಿ ನೀವೇ ಮನೆಗೆ ಒಯ್ಯಬಹುದು.